ಹೊಳೆ ಕಟ್ಟಿದ ನಾಡು: ಲೂಯಿಸಿಯಾನ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಭೂಪಟದಲ್ಲಿ ದಕ್ಷಿಣದ ಅಂಚನ್ನು ನೋಡಿದರೆ, ಮಿಸಿಸಿಪ್ಪಿ ನದಿಯು ಕಡಲನ್ನು ಸೇರುವ ಎಡೆಯಲ್ಲಿ ಬೂಟಿನ ಆಕಾರದ ಒಂದು ಸಂಸ್ಥಾನ ಕಾಣುತ್ತದೆ. ಅದೇ ಲೂಯಿಸಿಯಾನ. ಆದರೆ ಈ ಬೂಟಿನ ಚಿತ್ರವನ್ನು ಪೂರ್ತಿಯಾಗಿ ನಂಬುವಂತಿಲ್ಲ. ಭೂಪಟವನ್ನು ಬರೆಯುವವರು ಅದರ ಅಟ್ಟೆಯ ಭಾಗವನ್ನೂ ಗಟ್ಟಿನೆಲವೆಂಬಂತೆ ಬಣ್ಣ ತುಂಬಿ ತೋರಿಸಿರುತ್ತಾರೆ. ವಿಮಾನದಲ್ಲಿ ಹೋಗುವವರ ಕಣ್ಣಿಗೆ ಬೀಳುವುದು ಬೇರೆಯೇ: ಹರಿದ ಕಂಬಳಿಯಂತೆ ತೂತುಬಿದ್ದ ಜವುಗು, ಅದರ ನಡುವೆ ಗೆರೆ ಎಳೆದಂತಹ ಕಾಲುವೆಗಳು, ಉಳಿದೆಡೆಯಲ್ಲೆಲ್ಲ ನೀರು.

ಲೂಯಿಸಿಯಾನಕ್ಕೆ ಹೋಗುವ ಪ್ರವಾಸಿಗಳಲ್ಲಿ ಬಹುಮಂದಿ ನ್ಯೂ ಆರ್ಲಿಯನ್ಸ್ ನಗರದ ಸಂಗೀತಕ್ಕಾಗಿ, ಅಲ್ಲಿಯ ಊಟಕ್ಕಾಗಿ, ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಾರ್ಡಿ ಗ್ರಾ ಉತ್ಸವಕ್ಕಾಗಿ ಹೋಗುತ್ತಾರೆ. ಅವೆಲ್ಲ ನೋಡತಕ್ಕವೇ ಸರಿ. ಆದರೆ ಅವೆಲ್ಲಕ್ಕಿಂತ ವಿಸ್ಮಯಕರವಾದದ್ದು ಅವರ ಕಾಲ ಕೆಳಗಿನ ನೆಲ. ಆ ನೆಲವನ್ನು ಹೊಳೆ ಹೊತ್ತುತಂದು ಕಟ್ಟಿತು. ಅದರ ಮೇಲೆ ನಿಶ್ಚಿಂತೆಯಿಂದ ಬಾಳಬೇಕೆಂದು ಮನುಷ್ಯನು ಹೊಳೆಯನ್ನು ಏರಿಗಳ ನಡುವೆ ಕಟ್ಟಿಹಾಕಿದನು. ಹಾಗೆ ಕಟ್ಟಿಹಾಕಿದ್ದರಿಂದಲೇ ಈಗ ನೆಲ ಕಡಲಿನ ಪಾಲಾಗುತ್ತಿದೆ. ಇಷ್ಟನ್ನು ತಿಳಿದುಕೊಂಡು ಹೊರಟವರಿಗೆ ಅಲ್ಲಿ ಕಾಣುವ ಮಿಕ್ಕ ಸಂಗತಿಗಳು ತಾವಾಗಿಯೇ ಅರ್ಥವಾಗುತ್ತವೆ.

ಮೊದಲು ಕೆಲವು ಪರಿಚಯದ ಮಾತುಗಳು. ಸಂಸ್ಥಾನದ ವಿಸ್ತೀರ್ಣ ಸುಮಾರು ೫೨,೦೦೦ ಚದರ ಮೈಲಿ. ಇದರಲ್ಲಿ ನೀರಿನ ಪಾಲು ಸಣ್ಣದಲ್ಲ. ೨೦೨೦ರ ಜನಗಣತಿಯಂತೆ ಜನಸಂಖ್ಯೆ ೪೬ ಲಕ್ಷಕ್ಕೂ ಮೇಲೆ. ರಾಜಧಾನಿ ಬ್ಯಾಟನ್ ರೂಜ್. ದೊಡ್ಡ ಪಟ್ಟಣವಾದ ನ್ಯೂ ಆರ್ಲಿಯನ್ಸ್ ನಮ್ಮ ಹರಿದ್ವಾರದ ಅಕ್ಷಾಂಶದಲ್ಲಿಯೇ ಇದೆ. ಆದರೆ ಅಲ್ಲಿಯ ಬೇಸಗೆಯ ಸೆಕೆ ಕಡಲ ಕರೆಯದು, ಬೆವರು ಆರದು. ೧೬೮೨ರಲ್ಲಿ ಫ್ರೆಂಚ್ ಸಾಹಸಿ ಲಾ ಸಾಲ್ ಎಂಬವನು ಮಿಸಿಸಿಪ್ಪಿಯ ಗುಂಟ ಕಡಲಿನವರೆಗೆ ಇಳಿದು ಬಂದು, ತನ್ನ ದೊರೆ ಹದಿನಾಲ್ಕನೆಯ ಲೂಯಿಯ ಹೆಸರನ್ನು ಈ ನಾಡಿಗೆ ಇಟ್ಟನು. ಫ್ರೆಂಚರಿಂದ ಸ್ಪೇನಿಗೆ, ಸ್ಪೇನಿನಿಂದ ಮತ್ತೆ ಫ್ರೆಂಚರಿಗೆ ಕೈಬದಲಾದ ಮೇಲೆ ೧೮೦೩ರಲ್ಲಿ ನೆಪೋಲಿಯನ್ನನು ಇದನ್ನು ಇದರ ಹತ್ತಾರು ಪಟ್ಟು ದೊಡ್ಡದಾದ ಉತ್ತರದ ಪ್ರದೇಶದೊಡನೆ ಒಂದೂವರೆ ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿದನು. ಅಲ್ಲಿ ತಲೆತಲಾಂತರದಿಂದ ವಾಸಿಸುತ್ತಿದ್ದ ಮೂಲನಿವಾಸಿಗಳನ್ನು ಈ ವ್ಯಾಪಾರದಲ್ಲಿ ಯಾರೂ ಕೇಳಲಿಲ್ಲ. ೧೮೧೨ರಲ್ಲಿ ಲೂಯಿಸಿಯಾನ ಹದಿನೆಂಟನೆಯ ಸಂಸ್ಥಾನವಾಗಿ ಒಕ್ಕೂಟವನ್ನು ಸೇರಿತು. ಫ್ರೆಂಚ್ ಕಾಲದ ಗುರುತುಗಳು ಇಂದಿಗೂ ಅಳಿದಿಲ್ಲ. ಬೇರೆ ಸಂಸ್ಥಾನಗಳಲ್ಲಿ ಜಿಲ್ಲೆಗಳನ್ನು ಕೌಂಟಿ ಎಂದು ಕರೆದರೆ, ಇಲ್ಲಿಯ ೬೪ ಜಿಲ್ಲೆಗಳಿಗೆ ಚರ್ಚಿನ ಆಡಳಿತದಿಂದ ಬಂದ ಪ್ಯಾರಿಷ್ ಎಂಬ ಹೆಸರು. ಇಲ್ಲಿಯ ಸಿವಿಲ್ ಕಾನೂನು ಕೂಡ ಇಂಗ್ಲಿಷರ ಪದ್ಧತಿಯದಲ್ಲ, ಫ್ರಾನ್ಸ್ ಮತ್ತು ಸ್ಪೇನುಗಳ ಸಂಹಿತೆಗಳಿಂದ ಬಂದದ್ದು.

ಈ ನಾಡಿನಲ್ಲಿ ಬೆಟ್ಟವೆಂಬುದು ಇಲ್ಲವೆಂದೇ ಹೇಳಬೇಕು. ಉತ್ತರದ ಪೈನ್ ಕಾಡಿನಲ್ಲಿರುವ ಡ್ರಿಸ್ಕಿಲ್ ಎಂಬ ದಿಣ್ಣೆಯೇ ಎಲ್ಲಕ್ಕಿಂತ ಎತ್ತರ. ಅದು ೫೩೫ ಅಡಿ. ಕಲ್ಲಿಗೂ ಬಡತನ. ಕಲ್ಲಿಲ್ಲದ ನಾಡಿನಲ್ಲಿ ಮನುಷ್ಯರು ಮಣ್ಣಿನಿಂದಲೇ ಏನನ್ನು ಸಾಧಿಸಿದರೆಂಬುದನ್ನು ನೋಡಬೇಕಾದರೆ ಈಶಾನ್ಯದ ಪಾವರ್ಟಿ ಪಾಯಿಂಟ್ ಎಂಬಲ್ಲಿಗೆ ಹೋಗಬೇಕು. ಇಂದಿಗೆ ಸುಮಾರು ೩,೪೦೦ ವರ್ಷಗಳ ಹಿಂದೆ ಅಲ್ಲಿಯ ಜನ ಅರ್ಧಚಂದ್ರಾಕಾರದ ಆರು ಮಣ್ಣಿನ ದಿಂಡುಗಳನ್ನು ಒಂದರೊಳಗೊಂದು ಬರುವಂತೆ ಕಟ್ಟಿದರು. ಅವುಗಳ ಬೆನ್ನಿಗೆ ಸುಮಾರು ೭೦ ಅಡಿ ಎತ್ತರದ ದಿಬ್ಬವೊಂದನ್ನು ನಿಲ್ಲಿಸಿದರು. ಇಂತಹ ಕಟ್ಟಡಗಳನ್ನು ಕೃಷಿಯನ್ನರಿತ ಜನ ಮಾತ್ರ ಕಟ್ಟಬಲ್ಲರೆಂದು ಹಿಂದೆ ಭಾವಿಸಿದ್ದರು. ಇವರಾದರೋ ಬೇಟೆಯಾಡಿ, ಮೀನು ಹಿಡಿದು, ಕಾಯಿಪಲ್ಲೆ ಆಯ್ದು ಬದುಕುತ್ತಿದ್ದವರು. ಒಲೆಯಲ್ಲಿಡಲು ಕಲ್ಲು ದೊರೆಯದೆ ಜೇಡಿಮಣ್ಣಿನ ಉಂಡೆಗಳನ್ನು ಕಾಯಿಸಿ ಅವುಗಳ ಶಾಖದಲ್ಲಿ ಅಡಿಗೆ ಮಾಡುತ್ತಿದ್ದರು. ಆಯುಧಗಳಿಗೆ ಬೇಕಾದ ಕಲ್ಲನ್ನು ನೂರಾರು ಮೈಲಿಗಳಾಚೆಯಿಂದ ತರಿಸಿಕೊಳ್ಳುತ್ತಿದ್ದರು. ೨೦೧೪ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಸ್ಥಳವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟಾದರೂ ಪ್ರವಾಸಿಗಳ ಗುಂಪು ಇತ್ತ ಸುಳಿಯುವುದು ಅಪರೂಪ. ಏಕಾಂತದಲ್ಲಿ ನೋಡಬಹುದಾದ ಮಹತ್ತ್ವದ ಸ್ಥಳಗಳಲ್ಲಿ ಇದೊಂದು.

ಇನ್ನು ಹೊಳೆಯ ವಿಷಯ. ಮಿಸಿಸಿಪ್ಪಿಯ ಉದ್ದ ೨,೩೦೦ ಮೈಲಿಗೂ ಹೆಚ್ಚು. ೩೧ ಸಂಸ್ಥಾನಗಳ ಮಳೆನೀರು, ಅದರೊಡನೆ ಕೆನಡಾದ ಎರಡು ಪ್ರಾಂತ್ಯಗಳ ನೀರು ಇದರ ಪಾತ್ರಕ್ಕೆ ಬಂದು ಬೀಳುತ್ತದೆ. ಆ ನೀರಿನೊಡನೆ ಅರ್ಧ ಖಂಡದ ಮಣ್ಣೂ ಬರುತ್ತದೆ. ಹರಿವಿನ ವೇಗವಿರುವವರೆಗೆ ಮಣ್ಣು ನೀರಿನಲ್ಲಿ ತೇಲುತ್ತಿರುತ್ತದೆ. ಕಡಲ ಬಳಿ ಹರಿವು ಮಂದವಾದೊಡನೆ ತಳಕ್ಕೆ ಇಳಿಯುತ್ತದೆ. ಹೀಗೆ ಇಳಿದ ಮೆಕ್ಕಲೇ ನದೀಮುಖಜ ಭೂಮಿ. ವರ್ಷ ವರ್ಷವೂ ಮೆಕ್ಕಲು ಮುಂದೊತ್ತಿದಂತೆ ಹೊಳೆಯ ದಾರಿ ಉದ್ದವಾಗುತ್ತದೆ, ಇಳಿಜಾರು ಕಡಿಮೆಯಾಗುತ್ತದೆ. ಕಡೆಗೊಂದು ಕಾಲಕ್ಕೆ ನೆರೆ ಬಂದಾಗ ನೀರು ಪಕ್ಕದಲ್ಲೆಲ್ಲೋ ಹತ್ತಿರದ, ಕಡಿದಾದ ದಾರಿಯನ್ನು ಕಂಡುಕೊಂಡು ಅತ್ತ ನುಗ್ಗುತ್ತದೆ. ಹಳೆಯ ಪಾತ್ರ ಬಡಕಲಾಗುತ್ತದೆ. ಹೊಸ ದಾರಿಯ ಕೊನೆಯಲ್ಲಿ ಹೊಸ ನೆಲ ಹುಟ್ಟುತ್ತದೆ. ಕಳೆದ ಏಳು ಸಾವಿರ ವರ್ಷಗಳಲ್ಲಿ ಮಿಸಿಸಿಪ್ಪಿಯು ಸಾವಿರ ಅಥವಾ ಸಾವಿರದೈನೂರು ವರ್ಷಗಳಿಗೊಮ್ಮೆ ಹೀಗೆ ದಾರಿಯನ್ನು ಬದಲಿಸಿ, ದಕ್ಷಿಣ ಲೂಯಿಸಿಯಾನವನ್ನು ತುಂಡು ತುಂಡಾಗಿ ಕಟ್ಟಿತು. ಬಿತ್ತುವವನು ಕೈಯನ್ನು ಅತ್ತಿತ್ತ ಬೀಸಿ ಹೊಲವನ್ನೆಲ್ಲ ತುಂಬುವಂತೆ ಅದು ಮಣ್ಣನ್ನು ಹರಡಿತೆಂದರೆ ತಪ್ಪಾಗದು.

ಮುಂದಿನ ಬದಲಾವಣೆಯ ಕಾಲ ಇಪ್ಪತ್ತನೆಯ ಶತಮಾನದಲ್ಲಿಯೇ ಬಂದಿತ್ತು. ಬ್ಯಾಟನ್ ರೂಜಿನಿಂದ ಉತ್ತರಕ್ಕೆ ಓಲ್ಡ್ ರಿವರ್ ಎಂಬಲ್ಲಿ ಮಿಸಿಸಿಪ್ಪಿಯಿಂದ ಅಚಾಫಲಾಯ ಎಂಬ ಕವಲು ಒಡೆಯುತ್ತದೆ. ಈ ಕವಲಿನ ದಾರಿಯಾಗಿ ಕಡಲು ಮುಖ್ಯ ಪಾತ್ರದ ದೂರದ ಅರ್ಧಕ್ಕಿಂತಲೂ ಹತ್ತಿರ. ಬಹುಕಾಲ ಅದರ ಬಾಯನ್ನು ತೇಲಿಬಂದ ಮರದ ದಿಮ್ಮಿಗಳು ಮೈಲಿಗಟ್ಟಲೆ ಮುಚ್ಚಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ದೋಣಿಗಳ ಸಂಚಾರಕ್ಕಾಗಿ ಆ ದಿಮ್ಮಿಗಳನ್ನು ತೆಗೆದರು. ಅಂದಿನಿಂದ ಅಚಾಫಲಾಯ ಅಗಲವಾಗುತ್ತ, ಆಳವಾಗುತ್ತ, ವರ್ಷದಿಂದ ವರ್ಷಕ್ಕೆ ಹೆಚ್ಚು ನೀರನ್ನು ಸೆಳೆದುಕೊಳ್ಳತೊಡಗಿತು. ತಡೆಯದೆ ಬಿಟ್ಟಿದ್ದರೆ ಶತಮಾನ ಮುಗಿಯುವುದರೊಳಗೆ ಮಿಸಿಸಿಪ್ಪಿಯ ಮುಖ್ಯ ಪ್ರವಾಹವೇ ಅತ್ತ ತಿರುಗಿಬಿಡುತ್ತಿತ್ತು. ಬ್ಯಾಟನ್ ರೂಜ್, ನ್ಯೂ ಆರ್ಲಿಯನ್ಸ್‌ಗಳ ಮುಂದೆ ಉಪ್ಪುನೀರಿನ ಹಿನ್ನೀರು ಉಳಿಯುತ್ತಿತ್ತು. ಕುಡಿಯುವ ನೀರು, ಬಂದರು, ದಡದ ಉದ್ದಕ್ಕೂ ಇರುವ ಕಾರ್ಖಾನೆಗಳು ಎಲ್ಲಕ್ಕೂ ಧಕ್ಕೆಯಾಗುವ ಸ್ಥಿತಿ ಇದು.

ಇದನ್ನು ತಡೆಯಲು ಅಮೆರಿಕದ ಸೈನ್ಯದ ಇಂಜಿನಿಯರುಗಳು ಓಲ್ಡ್ ರಿವರಿನಲ್ಲಿ ದೊಡ್ಡ ತೂಬುಗಳುಳ್ಳ ಕಟ್ಟೆಯನ್ನು ಕಟ್ಟಿದರು. ೧೯೬೩ರಲ್ಲಿ ಅದು ಸಿದ್ಧವಾಯಿತು. ಮಿಸಿಸಿಪ್ಪಿ ಮತ್ತು ರೆಡ್ ನದಿಗಳ ಒಟ್ಟು ನೀರಿನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಹಳೆಯ ಪಾತ್ರಕ್ಕೆ, ಮೂವತ್ತು ಪಾಲು ಅಚಾಫಲಾಯಕ್ಕೆ ಎಂದು ಸರಕಾರ ಗೊತ್ತುಮಾಡಿತು. ದಾಯಾದಿಗಳ ಆಸ್ತಿಯನ್ನು ಪಾಲು ಮಾಡಿದಂತೆ ಹೊಳೆಯನ್ನು ಪಾಲು ಮಾಡಿದರು! ಹೊಳೆ ಇದನ್ನು ಒಪ್ಪಿತೆನ್ನುವಂತಿಲ್ಲ. ೧೯೭೩ರ ನೆರೆಯಲ್ಲಿ ನೀರು ಕಟ್ಟೆಯ ತಳವನ್ನು ಕೊರೆದು ಪಕ್ಕದ ಗೋಡೆಯೊಂದನ್ನು ಉರುಳಿಸಿತು. ಕಟ್ಟೆ ಉಳಿದದ್ದು ಸ್ವಲ್ಪದರಲ್ಲಿ. ೧೯೮೬ರಲ್ಲಿ ಅದರ ನೆರವಿಗೆಂದು ಎರಡನೆಯ ಕಟ್ಟೆಯೊಂದನ್ನು ಮುಗಿಸಿದರು. ರಸ್ತೆಯಲ್ಲಿ ಹೋಗುವವರು ಈ ಕಟ್ಟೆಗಳ ಮೇಲೆಯೇ ಹಾದು ಹೋಗಬಹುದು. ನೋಡುವುದಕ್ಕೆ ಸಾಧಾರಣವಾದ ಸಿಮೆಂಟು ಮತ್ತು ಉಕ್ಕಿನ ಕಟ್ಟಡ. ಆದರೆ ಅದು ನಿಂತಿದೆಯೆಂಬ ನಂಬಿಕೆಯ ಮೇಲೆ ಕೆಳಗಿನ ಎರಡು ಮಹಾನಗರಗಳು ನಿಂತಿವೆ.

ಬ್ಯಾಟನ್ ರೂಜಿನಲ್ಲಿ ೧೯೩೨ರಲ್ಲಿ ಕಟ್ಟಿದ ೩೪ ಅಂತಸ್ತಿನ ಶಾಸನಸಭಾ ಭವನವಿದೆ. ಅದರ ತುದಿಯಿಂದ ಹೊಳೆಯ ಬಾಗುಗಳು ಚೆನ್ನಾಗಿ ಕಾಣುತ್ತವೆ. ಇಲ್ಲಿಂದ ನ್ಯೂ ಆರ್ಲಿಯನ್ಸ್‌ವರೆಗೆ ಹೊಳೆಯ ಎರಡು ದಡಗಳಲ್ಲೂ ಹಿಂದೆ ಕಬ್ಬಿನ ತೋಟಗಳ ಸಾಲು. ಕಂಬಗಳ ಮೊಗಸಾಲೆಯುಳ್ಳ ಧಣಿಗಳ ಮಹಲುಗಳನ್ನು ತೋರಿಸಲು ಮಾರ್ಗದರ್ಶಕರು ಆತುರಪಡುತ್ತಾರೆ. ಆ ಮಹಲುಗಳ ವೈಭವವನ್ನು ದುಡಿದುಕೊಟ್ಟವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ೨೦೧೪ರಲ್ಲಿ ತೆರೆದ ವಿಟ್ನಿ ತೋಟದ ವಸ್ತುಸಂಗ್ರಹಾಲಯ ಇಡೀ ಕಥೆಯನ್ನು ಆ ಗುಲಾಮರ ಕಡೆಯಿಂದ ಹೇಳುತ್ತದೆ. ಒಂದೇ ತೋಟವನ್ನು ನೋಡಲು ಸಮಯವಿದ್ದವರು ಇದನ್ನೇ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಈ ಕಬ್ಬಿನ ಸೀಮೆಯಲ್ಲಿಯೇ ಒಂದು ಮಹತ್ತ್ವದ ಯಂತ್ರ ಹುಟ್ಟಿತು. ಆಲೆಮನೆಯನ್ನು ನೋಡಿದವರಿಗೆ ಕಬ್ಬಿನ ಹಾಲನ್ನು ಕಾಯಿಸಿ ಇಂಗಿಸಲು ಎಷ್ಟು ಉರುವಲು ಬೇಕೆಂಬುದು ಗೊತ್ತು. ಲೂಯಿಸಿಯಾನದಲ್ಲಿ ಗುಲಾಮರು ಕುದಿಯುವ ರಸವನ್ನು ಉದ್ದನೆಯ ಸಟ್ಟುಗಗಳಿಂದ ಒಂದು ಕೊಪ್ಪರಿಗೆಯಿಂದ ಮತ್ತೊಂದಕ್ಕೆ ಎತ್ತಿ ಹೊಯ್ಯುತ್ತಿದ್ದರು. ಮೈ ಸುಟ್ಟುಕೊಳ್ಳುವುದು ದಿನನಿತ್ಯದ ಮಾತಾಗಿತ್ತು. ನ್ಯೂ ಆರ್ಲಿಯನ್ಸ್‌ನಲ್ಲಿ ೧೮೦೬ರಲ್ಲಿ ಹುಟ್ಟಿದ ನಾರ್ಬರ್ಟ್ ರಿಲ್ಯೂ ಎಂಬವನು ಇದಕ್ಕೆ ಪರಿಹಾರವನ್ನು ಕಂಡುಹಿಡಿದನು. ಈತನ ತಾಯಿ ಆಫ್ರಿಕನ್ ಮೂಲದ ಸ್ವತಂತ್ರ ಮಹಿಳೆ, ತಂದೆ ಬಿಳಿಯನು. ಈತ ಓದಿದ್ದು ಪ್ಯಾರಿಸಿನಲ್ಲಿ. ಒತ್ತಡ ಕಡಿಮೆಯಾದಂತೆ ದ್ರವಗಳು ಕಡಿಮೆ ಉಷ್ಣತೆಯಲ್ಲಿಯೇ ಕುದಿಯುತ್ತವೆ ಎಂಬುದು ಭೌತಶಾಸ್ತ್ರದ ಸಾಮಾನ್ಯ ಪಾಠ. ರಿಲ್ಯೂ ಮುಚ್ಚಿದ ಪಾತ್ರೆಗಳನ್ನು ಸಾಲಾಗಿ ಜೋಡಿಸಿ, ಒಂದೊಂದರಲ್ಲೂ ಒತ್ತಡವನ್ನು ಹಿಂದಿನದಕ್ಕಿಂತ ಕಡಿಮೆ ಮಾಡಿದನು. ಮೊದಲನೆಯ ಪಾತ್ರೆಯಿಂದ ಎದ್ದ ಹಬೆಯೇ ಎರಡನೆಯದನ್ನು ಕುದಿಸಿತು, ಎರಡನೆಯದರ ಹಬೆ ಮೂರನೆಯದನ್ನು. ಒಂದೇ ಉರಿಯಿಂದ ಹಲವು ಪಾತ್ರೆಗಳ ಕೆಲಸ! ಸಕ್ಕರೆಯೂ ಸೀಯದೆ ಬೆಳ್ಳಗೆ ಬಂದಿತು. ೧೮೪೩ರಲ್ಲಿಯೂ ೧೮೪೬ರಲ್ಲಿಯೂ ಅವನಿಗೆ ಪೇಟೆಂಟುಗಳು ದೊರೆತವು. ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಯಾಗಲಿ ಜಗತ್ತಿನ ಇನ್ನಾವುದೇ ಆಗಲಿ, ರಸವನ್ನು ಇಂಗಿಸುವುದು ಇದೇ ತತ್ತ್ವದಿಂದ. ಇಂತಹವನಿಗೆ ತನ್ನ ಊರಿನಲ್ಲಿ ಬಣ್ಣದ ಕಾರಣದಿಂದ ನಿರ್ಬಂಧಗಳು ಹೆಚ್ಚುತ್ತ ಹೋದವು. ಅವನು ಪ್ಯಾರಿಸಿಗೆ ಹಿಂದಿರುಗಿ ೧೮೯೪ರಲ್ಲಿ ಅಲ್ಲಿಯೇ ತೀರಿಕೊಂಡನು. ಆ ತೋಟಗಳಿದ್ದ ಎಡೆಯಲ್ಲಿ ಇಂದು ನೂರಕ್ಕೂ ಮಿಕ್ಕಿ ಪೆಟ್ರೋಲಿಯಂ ಮತ್ತು ರಾಸಾಯನಿಕ ಕಾರ್ಖಾನೆಗಳಿವೆ. ಅವುಗಳ ಹೊಗೆಯನ್ನು ಉಸಿರಾಡುವ ಹಳ್ಳಿಗಳಲ್ಲಿ ಅನೇಕವು ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರ ವಂಶಸ್ಥರವು.

ಹೊಳೆಯ ದಾರಿಯನ್ನು ಬಿಟ್ಟು ಪೂರ್ವಕ್ಕೆ ಸ್ವಲ್ಪ ಹೊರಳಿದರೆ ಲಿವಿಂಗ್‌ಸ್ಟನ್ ಎಂಬ ಊರಿನ ಪೈನ್ ತೋಪುಗಳ ನಡುವೆ ಲೈಗೊ ವೀಕ್ಷಣಾಲಯವಿದೆ. ತಲಾ ನಾಲ್ಕು ಕಿಲೋಮೀಟರು ಉದ್ದದ ಎರಡು ಕೊಳವೆಗಳು ಅಲ್ಲಿ ಲಂಬಕೋನದಲ್ಲಿ ಕೂಡುತ್ತವೆ; ಅವುಗಳೊಳಗಿನ ನಿರ್ವಾತದಲ್ಲಿ ಲೇಸರ್ ಬೆಳಕು ಕನ್ನಡಿಗಳ ನಡುವೆ ಓಡಾಡುತ್ತದೆ. ೨೦೧೫ರ ಸೆಪ್ಟೆಂಬರ್ ೧೪ರಂದು, ೧೩೦ ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಎರಡು ಕೃಷ್ಣವಿವರಗಳು ಒಂದಾದುದರ ಗುರುತ್ವ ತರಂಗ ಮೊದಲು ಇಲ್ಲಿಗೆ ಮುಟ್ಟಿತು; ಒಂದು ಸೆಕೆಂಡಿನ ಸಾವಿರದಲ್ಲಿ ಏಳು ಪಾಲಿನಷ್ಟು ತಡವಾಗಿ ವಾಷಿಂಗ್ಟನ್ ಸಂಸ್ಥಾನದ ಹ್ಯಾನ್‌ಫರ್ಡಿನಲ್ಲಿರುವ ಜೋಡಿ ಯಂತ್ರಕ್ಕೆ ಮುಟ್ಟಿತು. ಕೊಳವೆಯ ಉದ್ದದಲ್ಲಿ ಆದ ವ್ಯತ್ಯಾಸ ಪ್ರೋಟಾನಿನ ವ್ಯಾಸದ ನೂರಾರರಲ್ಲಿ ಒಂದು ಪಾಲು. ತಟ್ಟಿದ ಗಂಟೆಯ ನಾದ ಅಡಗುವಂತೆ ಕಲಕಿದ ಕೃಷ್ಣವಿವರದ ಕಂಪನವೂ ಅಡಗುತ್ತದೆಂದು ೧೯೭೦ರಲ್ಲಿಯೇ ಲೆಕ್ಕಹಾಕಿ ತೋರಿಸಿದ್ದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು, ಆ ಸಂಕೇತದ ಕೊನೆಯ ಭಾಗ ಅಂತಹುದೇ ಆಗಿತ್ತು. ಅಂತಹ ಸೂಕ್ಷ್ಮ ಯಂತ್ರವನ್ನು ಇಂತಹ ಮೆತ್ತನೆಯ ನೆಲದಲ್ಲಿ ಇರಿಸಿರುವುದೇ ಒಂದು ಸಾಹಸ: ಕಾಡಿನಲ್ಲಿ ಮರ ಕಡಿದರೂ, ದೂರದ ಕಡಲಿನಲ್ಲಿ ಅಲೆಗಳೆದ್ದರೂ ಯಂತ್ರಕ್ಕೆ ಅದರ ಅರಿವಾಗುತ್ತದೆ. ಸಾರ್ವಜನಿಕರಿಗೆ ಇದನ್ನು ನಿಗದಿಯಾದ ದಿನಗಳಲ್ಲಿ ತೋರಿಸುತ್ತಾರೆ.

ಈಗ ನ್ಯೂ ಆರ್ಲಿಯನ್ಸ್. ಬೇರೆ ಊರುಗಳಲ್ಲಿ ಹೊಳೆಯನ್ನು ನೋಡಲು ಇಳಿದು ಹೋಗುತ್ತೇವೆ. ಇಲ್ಲಿ ಹತ್ತಿ ಹೋಗಬೇಕು. ಬೀದಿಯಲ್ಲಿ ನಿಂತವನ ತಲೆಗಿಂತ ಮೇಲೆ ಹಡಗುಗಳು ಸಾಗುವುದನ್ನು ಕಂಡು ಹೊಸಬರು ಬೆರಗಾಗುತ್ತಾರೆ. ಕಾರಣ ಸರಳ. ನೆರೆ ದಡವನ್ನು ಮೀರಿ ಹರಿದಾಗ ದಪ್ಪ ಮರಳು ದಡದ ಪಕ್ಕದಲ್ಲಿಯೇ ಬೀಳುತ್ತದೆ. ನುಣ್ಣನೆಯ ಗೋಡುಮಣ್ಣು ಮಾತ್ರ ದೂರ ಹೋಗುತ್ತದೆ. ಆದುದರಿಂದ ಹೊಳೆಯ ದಡವೇ ಎತ್ತರ, ದೂರ ಹೋದಷ್ಟೂ ತಗ್ಗು. ೧೭೧೮ರಲ್ಲಿ ಊರನ್ನು ಸ್ಥಾಪಿಸಿದ ಫ್ರೆಂಚರು ಎತ್ತರದ ದಡದ ಮೇಲೆಯೇ ಮನೆಗಳನ್ನು ಕಟ್ಟಿದರು. ಹಿಂದಿನ ತಗ್ಗು ಜವುಗಾಗಿಯೇ ಉಳಿಯಿತು. ೧೯೧೩ರಲ್ಲಿ ಬಾಲ್ಡ್‌ವಿನ್ ವುಡ್ ಎಂಬ ಇಂಜಿನಿಯರು ಅಪಾರ ನೀರನ್ನು ಬೇಗ ಎತ್ತಿಹಾಕುವ ತಿರುಪು ಪಂಪನ್ನು ರಚಿಸಿದನು. ಜವುಗು ಒಣಗಿತು, ಅದರ ಮೇಲೆ ಬಡಾವಣೆಗಳೆದ್ದವು. ಆದರೆ ಆ ಮಣ್ಣಿನಲ್ಲಿ ಕೊಳೆತ ಸಸ್ಯಗಳ ಅಂಶವೇ ಹೆಚ್ಚು. ನೀರು ತೆಗೆದೊಡನೆ ಅದು ಹಿಂಡಿದ ಅರಿವೆಯಂತೆ ಕುಗ್ಗಿತು, ನೆಲ ಕುಸಿಯಿತು. ಇಂದು ನಗರದ ಸುಮಾರು ಅರ್ಧಭಾಗ ಸಮುದ್ರಮಟ್ಟದಿಂದ ಕೆಳಗೆ ಬಟ್ಟಲಿನಂತೆ ಇದೆ. ಒಣಗಿಸಿದಷ್ಟೂ ತಗ್ಗು, ತಗ್ಗಾದಷ್ಟೂ ಪಂಪು ಎಂಬ ಚಕ್ರ ನಿಂತಿಲ್ಲ.

೨೦೦೫ರ ಆಗಸ್ಟ್ ೨೯ರಂದು ಕಟ್ರೀನ ಎಂಬ ಚಂಡಮಾರುತ ಬಂದಾಗ ಈ ಬಟ್ಟಲು ತುಂಬಿತು. ನಗರವನ್ನು ಮುಳುಗಿಸಿದ್ದು ಮಿಸಿಸಿಪ್ಪಿಯಲ್ಲ. ಊರೊಳಗಿನ ಕಾಲುವೆಗಳ ಗೋಡೆಗಳು ತಾಳಬೇಕಾಗಿದ್ದ ಮಟ್ಟಕ್ಕೆ ನೀರು ಏರುವ ಮೊದಲೇ ಹಲವೆಡೆ ಕುಸಿದುಬಿದ್ದದ್ದು. ನೂರಕ್ಕೆ ಎಂಬತ್ತು ಭಾಗ ನಗರ ಮುಳುಗಿತು. ಚಂಡಮಾರುತದಿಂದ ಸತ್ತವರು ಸಾವಿರಕ್ಕಿಂತ ಹೆಚ್ಚು. ಫ್ರೆಂಚರ ಹಳೆಯ ಕೇರಿ ಬಹುಮಟ್ಟಿಗೆ ಒಣಗಿಯೇ ಇತ್ತು. ಇನ್ನೂರೆಂಬತ್ತೇಳು ವರ್ಷಗಳ ಹಿಂದೆ ಎತ್ತರದ ದಡವನ್ನು ಆಯ್ದವರ ಲೆಕ್ಕ ತಪ್ಪಿರಲಿಲ್ಲ. ಅನಂತರ ನಗರದ ಸುತ್ತ ಹೊಸ ಏರಿಗಳನ್ನೂ, ಪೂರ್ವದಲ್ಲಿ ೧.೮ ಮೈಲಿ ಉದ್ದದ ತಡೆಗೋಡೆಯನ್ನೂ ಕಟ್ಟಿದರು. ೨೦೨೧ರಲ್ಲಿ ಅದೇ ಆಗಸ್ಟ್ ೨೯ರಂದು ಬಂದ ಐಡ ಚಂಡಮಾರುತವನ್ನು ಅವು ತಡೆದವು. ಏರಿಯ ಹೊರಗೆ ಉಳಿದ ಊರುಗಳು ಮಾತ್ರ ಮುಳುಗಿದವು.

ಏರಿಯ ಒಳಗೆ ಯಾರು, ಹೊರಗೆ ಯಾರು ಎಂಬ ಪ್ರಶ್ನೆ ಇಲ್ಲಿ ಹೊಸದಲ್ಲ. ೧೯೨೭ರ ಮಹಾನೆರೆಯಲ್ಲಿ ಮಿಸಿಸಿಪ್ಪಿಯ ಕಣಿವೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ನ್ಯೂ ಆರ್ಲಿಯನ್ಸನ್ನು ಉಳಿಸಲೆಂದು ಊರಿನ ಧನಿಕರು ಒತ್ತಾಯಿಸಿ, ಕೆಳಗಣ ಕೇರ್‌ನಾರ್ವನ್ ಎಂಬಲ್ಲಿ ಸಿಡಿಮದ್ದಿನಿಂದ ಏರಿಯನ್ನು ಒಡೆಸಿದರು. ಅಲ್ಲಿಯ ಬೇಟೆಗಾರರ, ಬೆಸ್ತರ ಮನೆಮಠಗಳು ನೀರಿನ ಪಾಲಾದವು. ಅವರಿಗೆ ತಕ್ಕ ಪರಿಹಾರ ದೊರೆಯಲಿಲ್ಲ. ಮೇಲಿನ ಏರಿಗಳು ತಾವಾಗಿಯೇ ಒಡೆದಿದ್ದುದರಿಂದ ಈ ಕೆಲಸದ ಅಗತ್ಯವೇ ಇರಲಿಲ್ಲವೆಂಬುದು ಆಮೇಲೆ ತಿಳಿಯಿತು. ಆ ನೆರೆಯ ಪಾಠದಿಂದ ನಗರದ ಮೇಲುಗಡೆಯಲ್ಲಿ ಬಾನೆ ಕ್ಯಾರೆ ಎಂಬ ಕೋಡಿಯನ್ನು ಕಟ್ಟಿ ೧೯೩೧ರಲ್ಲಿ ಮುಗಿಸಿದರು. ಅದರಲ್ಲಿ ಬಾಗಿಲುಗಳಿಲ್ಲ, ಏಳು ಸಾವಿರದಷ್ಟು ಮರದ ತೊಲೆಗಳನ್ನು ನಿಲ್ಲಿಸಿದ್ದಾರೆ. ಹೊಳೆ ಏರಿದಾಗ ಹಳಿಗಳ ಮೇಲೆ ಓಡಾಡುವ ಕ್ರೇನಿನಿಂದ ತೊಲೆಗಳನ್ನು ಒಂದೊಂದಾಗಿ ಕಿತ್ತು ನೀರನ್ನು ಪಾಂಚರ್ಟ್ರೇನ್ ಸರೋವರಕ್ಕೆ ಬಿಡುತ್ತಾರೆ. ತೆರೆಯುವ ದಿನ ಜನ ಜಾತ್ರೆಯಂತೆ ಸೇರುತ್ತಾರೆ.

ಸಂಗೀತದ ವಿಷಯವನ್ನು ಬಲ್ಲವರು ಬೇರೆಡೆ ವಿಸ್ತಾರವಾಗಿ ಬರೆದಿರುವುದರಿಂದ, ಜಾಜ್ ಸಂಗೀತ ಬೆಳೆದದ್ದು ಇಲ್ಲಿಯೆಂದೂ ಲೂಯಿ ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು ೧೯೦೧ರಲ್ಲಿ ಇದೇ ಊರಿನಲ್ಲೆಂದೂ ಹೇಳಿ ಮುಂದೆ ಸಾಗುತ್ತೇವೆ. ಊಟದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಇಲ್ಲಿಯ ಹೆಸರಾಂತ ಗಂಬೊ ಎಂಬ ಸಾರಿಗೆ ಆ ಹೆಸರು ಬಂದದ್ದು ಬೆಂಡೆಕಾಯಿಗೆ ಇರುವ ಆಫ್ರಿಕದ ಹೆಸರಿನಿಂದ. ಬೆಂಡೆಕಾಯಿಯ ಹೆಸರನ್ನು ಕೇಳಿ ಸಸ್ಯಾಹಾರಿಗಳು ಹಿಗ್ಗಬಾರದು. ಅದರಲ್ಲಿ ಸೀಗಡಿಯೋ ಮಾಂಸವೋ ಇರುವುದು ವಾಡಿಕೆ. ಅನ್ನದೊಡನೆ ಬಡಿಸುವ ಕೆಂಪು ಹುರುಳಿಕಾಯಿಬೀಜದ ಪಲ್ಯಕ್ಕೂ ಹಂದಿಮಾಂಸ ಹಾಕುತ್ತಾರೆ. ಕೇಳಿಯೇ ಉಣ್ಣತಕ್ಕದ್ದು.

ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಅಚಾಫಲಾಯದ ಜವುಗುಗಾಡನ್ನು ೧೮ ಮೈಲಿ ಉದ್ದದ ಸೇತುವೆಯ ಮೇಲೆ ದಾಟುತ್ತದೆ. ನೀರಿನಲ್ಲಿಯೇ ಬೇರೂರಿ ನಿಂತ ಸೈಪ್ರೆಸ್ ಮರಗಳು, ಅವುಗಳಿಂದ ಜಡೆಯಂತೆ ಜೋತ ಬೂದುಬಣ್ಣದ ಸಸ್ಯ, ಬಿಸಿಲು ಕಾಯುವ ಮೊಸಳೆಗಳು, ಇವೆಲ್ಲ ಇಲ್ಲಿ ದೋಣಿಯಲ್ಲಿ ಹೋದವರಿಗೆ ಕಾಣುತ್ತವೆ. ಇದರಾಚೆ ೧೭೫೫ರಲ್ಲಿ ಇಂಗ್ಲಿಷರು ಕೆನಡಾದ ಕಡೆಯಿಂದ ಹೊರದೂಡಿದ ಫ್ರೆಂಚ್ ಮೂಲದ ಜನರ ಸೀಮೆ. ಕೇಜನ್ ಎಂದು ಹೆಸರಾದ ಇವರು ಗದ್ದೆಗಳಲ್ಲಿ ಬತ್ತದ ಬೆಳೆ ಮುಗಿದ ಮೇಲೆ ನೀರು ನಿಲ್ಲಿಸಿ ಕ್ರಾಫಿಷ್ ಎಂಬ ಸಿಹಿನೀರಿನ ಸೀಗಡಿಯನ್ನು ಬೆಳೆಸುತ್ತಾರೆ.

ಚಪ್ಪಟೆಯಾದ ಈ ಸೀಮೆಯಲ್ಲಿ ಅಲ್ಲಲ್ಲಿ ಗುಡ್ಡಗಳು ಎದ್ದು ಕಾಣುತ್ತವೆ. ಅವು ಉಪ್ಪಿನ ಗುಮ್ಮಟಗಳು. ಹದಿನೈದು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಒಣಗಿದ ಕಡಲಿನ ಉಪ್ಪಿನ ಮೇಲೆ ಮೆಕ್ಕಲು ಮೈಲಿಗಳ ದಪ್ಪಕ್ಕೆ ಬಿದ್ದಿತು. ಉಪ್ಪು ಮಣ್ಣುಗಲ್ಲಿಗಿಂತ ಹಗುರ. ಭಾರದ ಕೆಳಗೆ ಅದು ಮೇಣದಂತೆ ಹರಿಯುತ್ತದೆ. ಬಲಹೀನವಾದ ಎಡೆಗಳಲ್ಲಿ ಅದು ಮೇಲಕ್ಕೆ ಒತ್ತಿಕೊಂಡು ಬಂದು ನೆಲವನ್ನು ಎತ್ತಿತು. ಎಣ್ಣೆ, ಅನಿಲ, ಗಂಧಕಗಳು ಇವುಗಳ ಮಗ್ಗುಲಲ್ಲಿ ಮತ್ತು ನೆತ್ತಿಯಲ್ಲಿ ಸೇರಿಕೊಂಡವು. ಆವೆರಿ ಐಲೆಂಡ್ ಎಂಬ ಗುಮ್ಮಟದ ಮೇಲೆ ೧೮೬೮ರಿಂದ ಟಬಾಸ್ಕೊ ಎಂಬ ಮೆಣಸಿನಕಾಯಿಯ ರಸ ತಯಾರಾಗುತ್ತಿದೆ. ಗರಿಗಳ ಆಸೆಗೆ ನಿರ್ವಂಶವಾಗುತ್ತಿದ್ದ ಬೆಳ್ಳಕ್ಕಿಗಳನ್ನು ಆ ಮನೆತನದವರೊಬ್ಬರು ೧೮೯೫ರ ಸುಮಾರಿನಲ್ಲಿ ಸಾಕಿ ಬಿಟ್ಟದ್ದರಿಂದ ಅವು ಅಲ್ಲಿಯ ಕೆರೆಯಲ್ಲಿ ಸಾವಿರಗಟ್ಟಲೆ ಗೂಡುಕಟ್ಟುತ್ತವೆ. ಇಲ್ಲಿಗೆ ಸಮೀಪದ ಪೆನ್ಯೂರ್ ಸರೋವರದಲ್ಲಿ ೧೯೮೦ರ ನವೆಂಬರ್ ೨೦ರಂದು ನಡೆದದ್ದನ್ನು ಕೇಳಿದವರು ನಂಬುವುದು ಕಷ್ಟ. ಎಣ್ಣೆಗಾಗಿ ಕೊರೆಯುತ್ತಿದ್ದ ಬೈರಿಗೆ ತಪ್ಪಿ ಸರೋವರದ ಅಡಿಯ ಉಪ್ಪಿನ ಗಣಿಯನ್ನು ತೂರಿತು. ನೀರು ಉಪ್ಪನ್ನು ಕರಗಿಸಿ ತೂತನ್ನು ಹಿಗ್ಗಿಸಿತು. ಸರೋವರವೆಲ್ಲ ಸುಳಿಯಾಗಿ ತಿರುಗಿ, ಕೊರೆಯುವ ಅಟ್ಟಣೆಯನ್ನೂ ಹನ್ನೊಂದು ಸರಕುದೋಣಿಗಳನ್ನೂ ನುಂಗಿ ಗಣಿಗೆ ಇಳಿಯಿತು. ಸರೋವರದಿಂದ ಕಡಲಿಗೆ ಹರಿಯುತ್ತಿದ್ದ ಕಾಲುವೆ ಹಿಮ್ಮುಖವಾಗಿ ಹರಿದು ಜಲಪಾತವಾಯಿತು. ಗಣಿಯಲ್ಲಿದ್ದ ೫೫ ಜನರೂ ಬದುಕಿ ಹೊರಬಂದರು. ಹತ್ತು ಅಡಿಯ ಸರೋವರ ಈಗ ಕೆಲವೆಡೆ ಇನ್ನೂರು ಅಡಿ ಆಳ; ಮುಳುಗಿದ ಮನೆಯೊಂದರ ಹೊಗೆಗೂಡು ದಡದಿಂದ ಕಾಣುತ್ತದೆ.

ಇನ್ನು ಕಡಲ ಕರೆ. ೧೯೩೨ರಿಂದ ೨೦೧೬ರವರೆಗೆ ಲೂಯಿಸಿಯಾನದ ಕರಾವಳಿ ಸುಮಾರು ೧,೯೦೦ ಚದರ ಮೈಲಿ ನೆಲವನ್ನು, ಎಂದರೆ ಮೊದಲಿದ್ದುದರ ಕಾಲುಭಾಗವನ್ನು, ಕಳೆದುಕೊಂಡಿತು. ಮೆಕ್ಕಲುನೆಲ ತನ್ನ ಭಾರಕ್ಕೆ ತಾನೇ ಕುಸಿಯುವುದು ಸಹಜ. ಹಿಂದೆ ಪ್ರತಿ ನೆರೆಯೂ ಹೊಸ ಮಣ್ಣಿನ ಪದರವನ್ನು ಹಾಕಿ ಆ ಕುಸಿತವನ್ನು ತುಂಬುತ್ತಿತ್ತು. ಏರಿಗಳಿಂದಾಗಿ ನೆರೆ ನಿಂತಿತು, ಮಣ್ಣು ನೇರವಾಗಿ ಆಳವಾದ ಕ���ಲಿಗೆ ಹೋಗತೊಡಗಿತು. ಮಿಸೂರಿ ಮೊದಲಾದ ಉಪನದಿಗಳಿಗೆ ಕಟ್ಟಿದ ಅಣೆಕಟ್ಟುಗಳ ಹಿಂದೆ ಹೂಳು ನಿಂತು, ಬರುವ ಮಣ್ಣೂ ಅರ್ಧದಷ್ಟಾಯಿತು. ಎಣ್ಣೆಬಾವಿಗಳಿಗೆ ಹೋಗಲು ಜವುಗಿನಲ್ಲಿ ತೋಡಿದ ಸಾವಿರಾರು ಮೈಲಿಗಳ ಕಾಲುವೆಗಳಲ್ಲಿ ಉಪ್ಪುನೀರು ಒಳನುಗ್ಗಿ ಹುಲ್ಲಿನ ಬೇರುಗಳನ್ನು ಕೊಂದಿತು. ಬೇರು ಸತ್ತ ಮೇಲೆ ಮಣ್ಣನ್ನು ಹಿಡಿದಿಡುವವರಾರು? ಕಡಲಿನ ಮಟ್ಟವೂ ಏರುತ್ತಿದೆ. ಮೂಲನಿವಾಸಿಗಳು ವಾಸಿಸುತ್ತಿದ್ದ ಐಲ್ ದ ಜಾನ್ ಷಾರ್ಲ್ ಎಂಬ ದ್ವೀಪ ೧೯೫೫ರಿಂದೀಚೆಗೆ ನೂರಕ್ಕೆ ೯೮ ಪಾಲು ಕಡಲಲ್ಲಿ ಕರಗಿತು. ಸರಕಾರದ ಹಣದಿಂದ ಒಳನಾಡಿನಲ್ಲಿ ಕಟ್ಟಿದ ಹೊಸ ಊರಿಗೆ ೨೦೨೨ರಲ್ಲಿ ಅಲ್ಲಿಯ ಕುಟುಂಬಗಳು ಹೋಗತೊಡಗಿದವು. ಕೆಲವರು ಹಳೆಯ ನೆಲವನ್ನು ಬಿಡಲೊಲ್ಲೆವೆಂದರು.

ಏರಿಯಲ್ಲಿ ಬಾಗಿಲನ್ನಿಟ್ಟು ಕೆಸರುನೀರನ್ನು ಮತ್ತೆ ಜವುಗಿಗೆ ಬಿಡಬೇಕೆಂಬುದು ಬಹುಮಂದಿ ವಿಜ್ಞಾನಿಗಳ ಮತ. ಬಾರಟೇರಿಯ ಎಂಬಲ್ಲಿ ಸುಮಾರು ಮೂರು ನೂರು ಕೋಟಿ ಡಾಲರುಗಳ ಅಂತಹ ಕೆಲಸ ೨೦೨೩ರಲ್ಲಿ ಆರಂಭವಾಯಿತು. ಹಣ ಬಂದದ್ದು ೨೦೧೦ರಲ್ಲಿ ಕಡಲಿನಲ್ಲಾದ ಎಣ್ಣೆಸೋರಿಕೆಯ ದಂಡದಿಂದ. ಆದರೆ ಸಿಹಿನೀರು ನುಗ್ಗಿದರೆ ತಮ್ಮ ಸಿಂಪಿಗಳೂ ಸೀಗಡಿಗಳೂ ನಾಶವಾಗುತ್ತವೆಂದು ಬೆಸ್ತರು ವಿರೋಧಿಸಿದರು. ಖರ್ಚು ಏರಿತೆಂದೂ ಮೀನುಗಾರಿಕೆಗೆ ಕೇಡೆಂದೂ ಹೇಳಿ ೨೦೨೫ರ ಜುಲೈಯಲ್ಲಿ ಸಂಸ್ಥಾನದ ಸರಕಾರ ಅದನ್ನು ಕೈಬಿಟ್ಟಿತು. ಐವತ್ತು ವರ್ಷಗಳ ಮುಂದಿನ ನೆಲವೊಂದು ಕಡೆ, ಈ ವರ್ಷದ ಅನ್ನವೊಂದು ಕಡೆ. ಬೆಸ್ತರನ್ನು ದೂರಲು ನಮಗೆ ಮನಸ್ಸು ಬಾರದು. ನೆಲವಿಲ್ಲದೆ ಸೀಗಡಿಯ ಮರಿಗಳಿಗೂ ಆಸರೆಯಿಲ್ಲವೆಂಬುದೂ ಅಷ್ಟೇ ನಿಜ.

ಹೋಗುವವರಿಗೆ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳು ಒಳ್ಳೆಯವು. ಜೂನ್‌ನಿಂದ ನವೆಂಬರ್ ಕೊನೆಯವರೆಗೆ ಚಂಡಮಾರುತಗಳ ಕಾಲ. ನ್ಯೂ ಆರ್ಲಿಯನ್ಸ್‌ನ ಹೊರಗೆ ಕಾರಿಲ್ಲದೆ ತಿರುಗುವುದು ಕಷ್ಟ. ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗುತ್ತವೆಂಬುದನ್ನು ಮರೆಯಬಾರದು. ಸೊಳ್ಳೆಗೆ ಮದ್ದನ್ನು ಜೊತೆಯಲ್ಲಿ ಇಟ್ಟುಕೊಳ್ಳಬೇಕು.

ನೆಲ ಕರಗುವುದನ್ನು ಕಂಡವರು ನೆಲ ಹುಟ್ಟುವುದನ್ನೂ ಕಾಣಬಹುದು. ಮಾರ್ಗನ್ ಸಿಟಿಯೆಂಬ ಊರನ್ನು ನೆರೆಯಿಂದ ಉಳಿಸಲು ೧೯೪೧ರಲ್ಲಿ ಇಂಜಿನಿಯರುಗಳು ಅಚಾಫಲಾಯದಿಂದ ಕಡಲಿಗೆ ವ್ಯಾಕ್ಸ್ ಲೇಕ್ ಎಂಬ ಕಾಲುವೆಯನ್ನು ತೋಡಿದರು. ಅದರ ಬಾಯಿಯಲ್ಲಿ ಮೂವತ್ತು ವರ್ಷ ಕೆಸರು ನೀರಿನಡಿಯಲ್ಲಿಯೇ ಸೇರುತ್ತಿತ್ತು. ೧೯೭೩ರ ನೆರೆ ಇಳಿದಾಗ, ಓಲ್ಡ್ ರಿವರಿನ ಗೋಡೆಯನ್ನು ಉರುಳಿಸಿದ ಅದೇ ನೆರೆ, ಅಲ್ಲಿ ದ್ವೀಪಗಳು ತಲೆಯೆತ್ತಿದ್ದವು. ಯಾರೂ ಯೋಜಿಸದ ಆ ಮುಖಜಭೂಮಿ ಬೀಸಣಿಗೆಯಂತೆ ಹರಡುತ್ತ ಬಂದಿದೆ. ದೋಣಿಯಲ್ಲಿಯೇ ಹೋಗಬೇಕು, ನೀರು ತೀರ ತೆಳುವಾದ್ದರಿಂದ ದಾರಿ ಬಲ್ಲ ಅಂಬಿಗನು ಬೇಕು. ದ್ವೀಪಗಳ ಎತ್ತರದ ಅಂಚುಗಳಲ್ಲಿ ವಿಲೋ ಮರಗಳು ಬೆಳೆದಿವೆ. ನಡುವಿನ ತಗ್ಗಿನಲ್ಲಿ ಬೇಸಗೆಯಲ್ಲಿ ಹಳದಿ ತಾವರೆ ಅರಳುತ್ತದೆ.